ಮೀಸೆಯುಳ್ಳ ತಾಯಿ

ಎಳೆಯ ಮಕ್ಕಳಿಗೆ ಕಲಿಸಲು ಕಲಿತವರೇ ಬೇಕೆ ಎಂಬ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಎಂ.ಎ. ಪದವಿ ಬೇಕು, ಪ್ರೌಢಶಾಲೆಯಲ್ಲಿ ಹೇಳುವವನಿಗೆ ಪದವಿಯೊಡನೆ ಶಿಕ್ಷಣದ ತರಬೇತಿಯೂ ಬೇಕು, ಆದರೆ ಮೂರು ವರ್ಷದ ಕೂಸನ್ನು ನೋಡಿಕೊಳ್ಳುವವರಿಗೆ ಒಂದಿಷ್ಟು ಸಹನೆಯಿದ್ದರೆ ಸಾಕೆಂದು ಬಲ್ಲವರೂ ಭಾವಿಸುವುದುಂಟು. ವಿದ್ಯೆಯ ಮೆಟ್ಟಿಲನ್ನು ಇಳಿದಂತೆಲ್ಲ ಗುರುವಿಗೆ ದೊರೆಯುವ ಮನ್ನಣೆಯೂ ಸಂಬಳವೂ ಇಳಿಯುತ್ತ ಹೋಗುವುದು ಲೋಕರೂಢಿ. ಈ ರೂಢಿಯನ್ನು ತಲೆಕೆಳಗು ಮಾಡಲು ಹೊರಟು, ಅದಕ್ಕಾಗಿ ಕೈಹಿಡಿದಿದ್ದ ವೃತ್ತಿಯನ್ನೇ ತೊರೆದ ಒಬ್ಬ ವಕೀಲರ ಜೀವನವನ್ನು ಇಲ್ಲಿ ನೆನೆಯೋಣ. ಅವರೇ ಗುಜರಾತಿನ ಗಿಜುಭಾಯಿ ಬಧೇಕಾ.

ಗಿರಿಜಾಶಂಕರ ಭಗವಾನ್‌ಜಿ ಬಧೇಕಾ ಎಂಬುದು ಅವರ ಪೂರ್ಣ ಹೆಸರು. ಸೌರಾಷ್ಟ್ರದ ಚಿತಲ್ ಎಂಬ ಊರಿನಲ್ಲಿ 1885ರ ನವೆಂಬರ್ 15ರಂದು ಅವರು ಹುಟ್ಟಿದರು. ಬೆತ್ತಕ್ಕೂ ವಿದ್ಯೆಗೂ ಬಿಡಿಸಲಾರದ ನಂಟಿದೆಯೆಂದು ಹಿರಿಯರೆಲ್ಲ ನಂಬಿದ್ದ ಕಾಲವದು. ಛಡಿ ಚಂ ಚಂ ಎಂದರೆ ವಿದ್ಯೆ ಘಂ ಘಂ ಎನ್ನುವ ಗಾದೆ ನಮ್ಮ ಕೂಲಿಮಠಗಳಲ್ಲಿ ಮೊಳಗುತ್ತಿದ್ದಂತೆಯೇ ಗುಜರಾತಿನ ಹಳ್ಳಿಯ ಶಾಲೆಗಳಲ್ಲಿಯೂ ಮೊಳಗುತ್ತಿತ್ತು. ಭಾಷೆ ಬೇರೆಯಾದರೂ ಏಟು ಒಂದೇ! ಗಿಜುಭಾಯಿಯವರ ಬಾಲ್ಯದ ವಿದ್ಯಾಭ್ಯಾಸವೂ ಇಂತಹ ಕಾಲದಲ್ಲಿಯೇ ನಡೆಯಿತು. ಮುಂದೆ ಭಾವನಗರದ ಶಾಮಲದಾಸ ಕಾಲೇಜನ್ನು ಸೇರಿದರಾದರೂ ಪದವಿಯವರೆಗೆ ಓದು ಸಾಗಲಿಲ್ಲ. 1907ರಲ್ಲಿ ಹೊಟ್ಟೆಪಾಡನ್ನು ಅರಸಿ ಪೂರ್ವ ಆಫ್ರಿಕಕ್ಕೆ ತೆರಳಿದರು. ಎರಡು ವರ್ಷ ಅಲ್ಲಿದ್ದು ಹಿಂದಿರುಗಿ, ಮುಂಬಯಿಯಲ್ಲಿ ಕಾನೂನನ್ನು ಅಭ್ಯಾಸಮಾಡಿ, ವಢವಾಣದಲ್ಲಿ ವಕೀಲಿ ಆರಂಭಿಸಿದರು.

ಅವರ ಬಾಳನ್ನು ತಿರುಗಿಸಿದುದು ಯಾವ ಮಹಾಘಟನೆಯೂ ಅಲ್ಲ. 1913ರಲ್ಲಿ ಹುಟ್ಟಿದ ಮಗ ನರೇಂದ್ರ. ಈ ಕೂಸನ್ನು ಬೆಳೆಸುವುದು ಹೇಗೆ, ಯಾವ ಶಾಲೆಗೆ ಕಳುಹಿಸುವುದು ಎಂಬ ಚಿಂತೆ ತಂದೆಯನ್ನು ಹಿಡಿಯಿತು. ಎಲ್ಲ ತಂದೆಯರಿಗೂ ಒಂದಲ್ಲ ಒಂದು ದಿನ ಈ ಚಿಂತೆ ಬರುತ್ತದೆ. ಹೆಚ್ಚಿನವರು ಹತ್ತಿರದ ಶಾಲೆಯ ಬಾಗಿಲಲ್ಲಿ ಅದನ್ನು ಇಳಿಸಿ ಬರುತ್ತಾರೆ. ಗಿಜುಭಾಯಿ ಹಾಗೆ ಇಳಿಸಲಿಲ್ಲ. ಗುಜರಾತಿನಲ್ಲಿ ಗ್ರಂಥಾಲಯಗಳನ್ನು ಹಬ್ಬಿಸಿದ ಮೋತಿಭಾಯಿ ಅಮೀನರ ಮೂಲಕ ಅವರಿಗೆ ಮರಿಯಾ ಮಾಂಟೆಸ್ಸರಿಯವರ ವಿಚಾರಗಳ ಪರಿಚಯವಾಯಿತು. ಈ ಇಟಲಿಯ ವೈದ್ಯೆ 1907ರಲ್ಲಿ ರೋಮ್ ನಗರದ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದು, ಮಗು ತಾನಾಗಿಯೇ ಕಲಿಯಬಲ್ಲದು ಎಂಬುದನ್ನು ಲೋಕಕ್ಕೆ ತೋರಿಸಿದ್ದರು. ಆಗ ಗಿಜುಭಾಯಿಯವರ ಓದಿನ ದಾರಿಯೇ ಬದಲಾಯಿತು. ಕಾನೂನಿನ ಹೊತ್ತಗೆಗಳ ಸ್ಥಾನದಲ್ಲಿ ಮಕ್ಕಳ ಮನಸ್ಸನ್ನು ಕುರಿತ ಹೊತ್ತಗೆಗಳು ಬಂದು ಕುಳಿತವು.

ಭಾವನಗರದಲ್ಲಿ ನಾನಾಭಾಯಿ ಭಟ್ಟರು 1910ರಲ್ಲಿ ದಕ್ಷಿಣಾಮೂರ್ತಿ ವಿದ್ಯಾರ್ಥಿಭವನವನ್ನು ಸ್ಥಾಪಿಸಿದ್ದರು. 1916ರಲ್ಲಿ ಗಿಜುಭಾಯಿ ವಕೀಲಿಯನ್ನು ಬಿಟ್ಟು ಆ ಸಂಸ್ಥೆಯನ್ನು ಸೇರಿದರು. ಮೊದಲು ದೊಡ್ಡ ಹುಡುಗರ ನಡುವೆ ದುಡಿದರು. ದುಡಿಯುತ್ತ ಅವರಿಗೆ ಒಂದು ಸಂಗತಿ ಮನದಟ್ಟಾಯಿತು: ಹದಿನೈದರಲ್ಲಿ ನೇರ್ಪಡಿಸಹೊರಡುವ ದೋಷಗಳ ಬೇರು ಐದಕ್ಕಿಂತ ಮೊದಲೇ ಇಳಿದಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಾವೂ ಹೇಳುತ್ತೇವೆ. ಆದರೆ ನಮ್ಮ ಗಾದೆ ಬಗ್ಗಿಸುವುದನ್ನು ಕುರಿತು ಯೋಚಿಸುತ್ತದೆ. ಗಿಜುಭಾಯಿ ಗಿಡದ ಬುಡದ ಮಣ್ಣನ್ನು ಕುರಿತು ಯೋಚಿಸಿದರು. 1920ರಲ್ಲಿ ದಕ್ಷಿಣಾಮೂರ್ತಿ ಬಾಲಮಂದಿರ ಆರಂಭವಾಯಿತು. ಅಲ್ಲಿ ಬೆತ್ತವಿಲ್ಲ, ಬಹುಮಾನವಿಲ್ಲ, ಬಾಯಿಪಾಠದ ಗದ್ದಲವಿಲ್ಲ. ಹಾಡು, ಆಟ, ನಾಟಕ, ಮಣ್ಣಿನ ಕೆಲಸ, ತೋಟ, ಕೈಕಾಲು ಬಟ್ಟೆಗಳ ಶುಚಿ ಇವೇ ಅಲ್ಲಿಯ ಪಾಠಗಳು. ದಟ್ಟ ಮೀಸೆಯ ಈ ಪುರುಷನಲ್ಲಿ ಜನ ತಾಯಿಯನ್ನು ಕಂಡರು. ಮೂಛಾಳೀ ಮಾ, ಎಂದರೆ ಮೀಸೆಯುಳ್ಳ ತಾಯಿ ಎಂಬ ಹೆಸರು ಅವರಿಗೆ ಅಂಟಿಕೊಂಡಿತು.

ಗಿಜುಭಾಯಿ ಮಾಂಟೆಸ್ಸರಿಯವರ ಶಿಷ್ಯರೇ ಆದರೂ ಕುರುಡು ಶಿಷ್ಯರಲ್ಲ. ಚಿಕ್ಕ ಮಕ್ಕಳಿಗೆ ಅದ್ಭುತ ಕಥೆಗಳು ಹಿತವಲ್ಲವೆಂಬುದು ಮಾಂಟೆಸ್ಸರಿಯವರ ಅಭಿಮತ. ಅಜ್ಜಿಯ ಕಥೆಯಿಲ್ಲದ ಬಾಲ್ಯ ಈ ದೇಶದಲ್ಲಿ ಬಾಲ್ಯವೇ ಅಲ್ಲವೆಂಬುದು ಗಿಜುಭಾಯಿಯವರ ಅನುಭವ. ಅವರು ಸೌರಾಷ್ಟ್ರದ ಜನಪದ ಕಥೆಗಳನ್ನು ಕಲೆಹಾಕಿ ಮಕ್ಕಳಿಗಾಗಿ ಬರೆದರು. ಕಥೆ ಹೇಳುವ ಕಲೆಯನ್ನು ಕುರಿತು ಶಿಕ್ಷಕರಿಗಾಗಿ ಒಂದು ಶಾಸ್ತ್ರಗ್ರಂಥವನ್ನೇ ರಚಿಸಿದರು. ಪಡುವಣದ ಬೀಜವನ್ನು ತಂದು ನಮ್ಮ ನೆಲದ ಗೊಬ್ಬರದಲ್ಲಿ ಬೆಳೆದ ಕೃಷಿ ಅವರದು.

ಬಾಲಮಂದಿರದ ಕೀರ್ತಿ ಹರಡಿದಂತೆ ಅಂತಹ ಮಂದಿರಗಳು ತಮ್ಮ ಊರಿಗೂ ಬೇಕೆಂಬ ಬಯಕೆ ಎದ್ದಿತು. ಕಟ್ಟಡವನ್ನು ಹಣದಿಂದ ಕಟ್ಟಬಹುದು. ಉಪಕರಣಗಳನ್ನು ಬಡಗಿಯಿಂದ ಮಾಡಿಸಬಹುದು. ಶಿಕ್ಷಕರನ್ನು ಎಲ್ಲಿಂದ ತರುವುದು? ಬೆತ್ತವನ್ನು ಕೆಳಗಿಟ್ಟ ಮಾತ್ರಕ್ಕೆ ಹಳೆಯ ಪಂತೋಜಿ ಹೊಸ ಶಿಕ್ಷಕನಾಗುವುದಿಲ್ಲ. ಕೈಯಲ್ಲಿದ್ದ ಬೆತ್ತ ಕಣ್ಣಿಗೋ ನಾಲಗೆಗೋ ಏರಿ ಕುಳಿತುಕೊಳ್ಳಬಹುದು. ಗಿಜುಭಾಯಿಯವರ ಹಿರಿಮೆಯಿರುವುದು ಈ ಕಷ್ಟವನ್ನು ಬಹು ಬೇಗ ಗುರುತಿಸಿದುದರಲ್ಲಿ. 1925ರಲ್ಲಿ ಅವರು ಭಾವನಗರದಲ್ಲಿಯೇ ಶಿಕ್ಷಕರಿಗಾಗಿ ಅಧ್ಯಾಪನ ಮಂದಿರವನ್ನು ತೆರೆದರು. ಪಕ್ಕದ ಬಾಲಮಂದಿರವೇ ಅದರ ಪ್ರಯೋಗಶಾಲೆ. ಅಲ್ಲಿಗೆ ಬಂದವರು ಕಲಿಸುವುದಕ್ಕೆ ಮುನ್ನ ನೋಡುವುದನ್ನು ಕಲಿಯಬೇಕಾಗಿತ್ತು: ಮಗು ಏನನ್ನು ಎತ್ತಿಕೊಳ್ಳುತ್ತದೆ, ಎಲ್ಲಿ ತಡವರಿಸುತ್ತದೆ, ಯಾವಾಗ ಸಹಾಯ ಬೇಡುತ್ತದೆ, ಯಾವಾಗ ಬೇಡವೆನ್ನುತ್ತದೆ. ಸುಮ್ಮನಿರುವುದೂ ಒಂದು ವಿದ್ಯೆ; ಮಾತೇ ಬಂಡವಾಳವಾದ ನಮ್ಮಂತಹ ಅಧ್ಯಾಪಕರಿಗೆ ಅದು ಎಲ್ಲಕ್ಕಿಂತ ಕಠಿಣವಾದ ವಿದ್ಯೆ. ಹೀಗೆ ಅವರ ಬಳಿ ಸಿದ್ಧರಾದ ಶಿಕ್ಷಕರ ಸಂಖ್ಯೆ ಸುಮಾರು 600 ಎಂದು ಹೇಳುತ್ತಾರೆ.

ಈ ಕಾರ್ಯದಲ್ಲಿ ಅವರಿಗೆ ಹೆಗಲು ಕೊಟ್ಟವರು ತಾರಾಬಾಯಿ ಮೋಡಕ್. ರಾಜಕೋಟೆಯ ಮಹಿಳಾ ಶಿಕ್ಷಕಿಯರ ಕಾಲೇಜಿನ ಪ್ರಾಂಶುಪಾಲ ಪದವಿಯನ್ನು ಬಿಟ್ಟು ಆಕೆ ಬಾಲಮಂದಿರಕ್ಕೆ ಬಂದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲಶಿಕ್ಷಣ ಸಂಘವನ್ನು ಕಟ್ಟಿದರು. ಶಿಕ್ಷಣ ಪತ್ರಿಕೆಯ ಮೂಲಕ ದೂರದ ಶಿಕ್ಷಕರಿಗೂ ತಂದೆತಾಯಿಯರಿಗೂ ವಿಚಾರಗಳನ್ನು ಮುಟ್ಟಿಸಿದರು. 1930ರ ಸತ್ಯಾಗ್ರಹದ ದಿನಗಳಲ್ಲಿ ಊರು ಬಿಟ್ಟ ರೈತ ಕುಟುಂಬಗಳ ಶಿಬಿರಗಳಲ್ಲಿಯೂ ಗಿಜುಭಾಯಿ ಮಕ್ಕಳನ್ನು ಕೂಡಿಸಿಕೊಂಡು ದುಡಿದರು. 1930ರ ದಶಕದ ಆರಂಭದಲ್ಲಿ ಅವರ ದಿವಾಸ್ವಪ್ನ ಹೊರಬಂದಿತು. ಹಗಲುಗನಸು ಎಂಬ ಅರ್ಥದ ಆ ಪುಸ್ತಕದಲ್ಲಿ ಒಬ್ಬ ಶಿಕ್ಷಕ ಸಾಮಾನ್ಯ ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಮಟ್ಟಿಗೆ ಬೇಡಿ ಪಡೆಯುತ್ತಾನೆ. ಮೊದಲ ದಿನವೇ ಅವನು ಹಾಕಿಕೊಂಡ ಯೋಜನೆ ಮುರಿದುಬೀಳುತ್ತದೆ, ಸಹೋದ್ಯೋಗಿಗಳು ನಗುತ್ತಾರೆ, ಅವನು ಕಥೆಯೊಂದರಿಂದ ಮತ್ತೆ ಆರಂಭಿಸುತ್ತಾನೆ. ಶಿಕ್ಷಕನ ಸೋಲನ್ನು ಇಷ್ಟು ಮರ್ಯಾದೆಯಿಂದ ಕಾಣಿಸಿದ ಪುಸ್ತಕಗಳು ವಿರಳ.

1936ರಲ್ಲಿ ಗಿಜುಭಾಯಿ ದಕ್ಷಿಣಾಮೂರ್ತಿಯನ್ನು ಬಿಟ್ಟರು. ಇಪ್ಪತ್ತು ವರ್ಷ ಬೆವರಿಳಿಸಿ ಕಟ್ಟಿದ ಮನೆಯಿಂದ ಹೊರಬಂದವರು ಸಾಮಾನ್ಯವಾಗಿ ವಿಶ್ರಾಂತಿಯನ್ನು ಬಯಸುತ್ತಾರೆ. ಇವರು 1938ರಲ್ಲಿ ರಾಜಕೋಟೆಯಲ್ಲಿ ಮತ್ತೊಂದು ಅಧ್ಯಾಪನ ಮಂದಿರವನ್ನು ತೆರೆದರು. ಕೊನೆಯ ದಿನಗಳಲ್ಲಿಯೂ ಅವರ ಗಮನವಿದ್ದುದು ಶಿಕ್ಷಕರನ್ನು ಅಣಿಗೊಳಿಸುವುದರಲ್ಲಿ ಎಂಬುದನ್ನು ಮರೆಯಬಾರದು. ದೇಹ ಬಹುಕಾಲ ಸಹಕರಿಸಲಿಲ್ಲ. 1939ರ ಜೂನ್ 23ರಂದು, ಐವತ್ತಮೂರರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಮಾಂಟೆಸ್ಸರಿ ಮದರಾಸಿಗೆ ಬಂದಿಳಿದರು; ಅಡಯಾರಿನಲ್ಲಿ ನಡೆದ ಅವರ ಮೊದಲ ತರಬೇತಿಗೆ ಸುಮಾರು 300 ಮಂದಿ ಸೇರಿದರು. ಆ ಸಾಲಿನಲ್ಲಿ ಕುಳಿತುಕೊಳ್ಳಬೇಕಾಗಿದ್ದ ಒಬ್ಬ ಹಿರಿಯ ಶಿಷ್ಯ ಐದು ತಿಂಗಳ ಹಿಂದೆಯೇ ಕಣ್ಮುಚ್ಚಿದ್ದುದು ವಿಧಿಯ ವಿಪರ್ಯಾಸವೆನ್ನದೆ ವಿಧಿಯಿಲ್ಲ.

ಗಿಜುಭಾಯಿ ಹಚ್ಚಿದ ದೀಪ ಆರಲಿಲ್ಲ. ತಾರಾಬಾಯಿ 1945ರಲ್ಲಿ ಮಹಾರಾಷ್ಟ್ರದ ಕಡಲಂಚಿನ ಬೋರ್ಡಿಗೆ ಹೋಗಿ, ಬಡ ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲೆಂದು ಅಂಗನವಾಡಿಯನ್ನು ಆರಂಭಿಸಿದರು. ಆ ಹೆಸರೇ 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಮಕ್ಕಳ ಅಭಿವೃದ್ಧಿ ಯೋಜನೆಯ ಕೇಂದ್ರಗಳಿಗೆ ಸಂದಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅಂಗನವಾಡಿಯ ಕಾರ್ಯಕರ್ತೆಯರಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರಿಗೆ ಆರು ತಿಂಗಳ, ಉಳಿದವರಿಗೆ ಒಂದು ವರ್ಷದ ಶಿಕ್ಷಣವನ್ನು ವಿಧಿಸಿದೆ. ಭಾವನಗರದ ವಕೀಲರು 1925ರಲ್ಲಿ ಕಂಡುಕೊಂಡ ಸತ್ಯವನ್ನು ಸರ್ಕಾರದ ಕಾಗದ ಹೀಗೆ ಒಪ್ಪಿಕೊಂಡಿದೆ.

ಕಾಗದ ಒಪ್ಪಿದುದನ್ನು ಸಮಾಜವೂ ಒಪ್ಪಬೇಕು. ಲೆಕ್ಕದ ಪುಸ್ತಕ ತುಂಬುವುದು, ಆಹಾರ ಹಂಚುವುದು, ಮನೆಮನೆ ಸುತ್ತುವುದು, ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಮಕ್ಕಳಿಗೆ ಕಲಿಸಬೇಕಾದ ಹೆಣ್ಣುಮಗಳು ಗಿಜುಭಾಯಿಯವರ ವಾರಸುದಾರಳು. ನೋಡುವುದಕ್ಕೆ ಆಕೆಗೆ ಬಿಡುವು ಬೇಕು, ಕಲಿಯುವುದಕ್ಕೆ ಅವಕಾಶ ಬೇಕು, ಕಲಿತುದಕ್ಕೆ ತಕ್ಕ ಗೌರವ ಬೇಕು. ನಾಡಿನ ಅತ್ಯಂತ ಎಳೆಯ ಪ್ರಜೆಯನ್ನು ಆಕೆಯ ಕೈಗೆ ಒಪ್ಪಿಸಿ, ಆಕೆಯನ್ನು ಮಾತ್ರ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸುವುದು ನ್ಯಾಯವೆ? ಗಿಜುಭಾಯಿಯವರ ಬಾಳು ನಮ್ಮನ್ನು ಈ ಪ್ರಶ್ನೆಯ ಮುಂದೆ ತಂದು ನಿಲ್ಲಿಸುತ್ತದೆ. ಉತ್ತರ ಕೊಡಬೇಕಾದವರು ನಾವು.