ಶಿವರಾಮ ಕಾರಂತರ ನೃತ್ಯಪ್ರಯೋಗಗಳು

ಕೋಟ ಶಿವರಾಮ ಕಾರಂತರು (ಅಕ್ಟೋಬರ್ 10, 1902 – ಡಿಸೆಂಬರ್ 9, 1997) ಕನ್ನಡದ ಹೆಸರಾಂತ ಕಾದಂಬರಿಕಾರರು. 1977ರ ಜ್ಞಾನಪೀಠ ಪ್ರಶಸ್ತಿಗೆ ಪಾತ್ರರಾದ ಇವರು ಯಕ್ಷಗಾನದ ಸಂಶೋಧಕರೂ ನೃತ್ಯ ಸಂಯೋಜಕರೂ ಆಗಿದ್ದರು. ಮಾತಿನ ನೆರವಿಲ್ಲದೆ ಹಾಡು, ಕುಣಿತಗಳಿಂದಲೇ ಕಥೆ ಹೇಳುವ ಯಕ್ಷಗಾನ ಬ್ಯಾಲೆ ಇವರ ಕೊಡುಗೆ.

ಜೀವನ

ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ತೊರೆದರು. ಮುಂದೆ ಪುತ್ತೂರಿನಲ್ಲಿ ನೆಲೆಸಿ, ‘ಬಾಲವನ’ದಲ್ಲಿ ಮಕ್ಕಳ ಶಿಕ್ಷಣ, ನಾಟಕ, ನೃತ್ಯಗಳಲ್ಲಿ ಪ್ರಯೋಗ ನಡೆಸಿದರು. 1936ರಲ್ಲಿ ಲೀಲಾ ಆಳ್ವರನ್ನು ವಿವಾಹವಾದರು. ಜಾತಿಯ ಕಟ್ಟನ್ನು ಮೀರಿದ ಈ ಮದುವೆ ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಯಕ್ಷಗಾನ ಬ್ಯಾಲೆ

ಬಯಲಾಟದಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ವೇಷಧಾರಿಗಳು ಅದರ ಅರ್ಥವನ್ನು ಆಶುವಾಗಿ ಮಾತಿನಲ್ಲಿ ಹೇಳುತ್ತಾರೆ. ಆಟ ರಾತ್ರಿಯಿಡೀ ನಡೆಯುತ್ತದೆ. ಮಾತು ಬೆಳೆದಂತೆ ಹಾಡು, ಕುಣಿತಗಳು ಸೊರಗುತ್ತಿವೆ, ನಾಟಕ ಕಂಪನಿಗಳ ಪ್ರಭಾವದಿಂದ ವೇಷಭೂಷಣವೂ ಕೆಡುತ್ತಿದೆ ಎಂಬುದು ಕಾರಂತರ ಕೊರಗು. ಹಳೆಯ ಪ್ರಸಂಗಗಳನ್ನೂ ರಾಗಗಳನ್ನೂ ಹುಡುಕಿ ಅವರು ಬರೆದ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.

ಸಂಶೋಧನೆಗೇ ನಿಲ್ಲದೆ ಅವರು ರಂಗಕ್ಕಿಳಿದರು. ಅರ್ಥಗಾರಿಕೆಯನ್ನು ಪೂರ್ತಿಯಾಗಿ ಕೈಬಿಟ್ಟರು. ಇಡೀ ರಾತ್ರಿಯ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಚೆಂಡೆ, ಮದ್ದಳೆಗಳ ಜೊತೆಗೆ ಪಿಟೀಲು, ಸ್ಯಾಕ್ಸೊಫೋನ್‌ಗಳನ್ನು ತಂದರು. ‘ಅಭಿಮನ್ಯು ವಧೆ’, ‘ಪಂಚವಟಿ’ ಮೊದಲಾದ ಪ್ರಸಂಗಗಳು ಈ ರೂಪದಲ್ಲಿ ರಂಗವೇರಿದವು. ಇಳಿವಯಸ್ಸಿನಲ್ಲಿಯೂ ಹೆಜ್ಜೆಗಳನ್ನು ಸ್ವತಃ ಕುಣಿದು ತೋರಿಸುತ್ತಿದ್ದರು.

ಸುಮಾರು ಅದೇ ಕಾಲದಲ್ಲಿ, 1962ರಿಂದ, ನ್ಯೂಯಾರ್ಕಿನ ಜಡ್ಸನ್ ಚರ್ಚಿನಲ್ಲಿ ಸೇರುತ್ತಿದ್ದ ಕಲಾವಿದರು ಕಥೆ, ವೇಷ, ಚಮತ್ಕಾರಗಳನ್ನು ಬಿಟ್ಟು ನಿತ್ಯದ ನಡಿಗೆಯನ್ನೇ ನೃತ್ಯವಾಗಿಸಿದರು. ಆಧುನಿಕೋತ್ತರ ನೃತ್ಯ ಹುಟ್ಟಿದ್ದು ಅಲ್ಲಿ. ಕಾರಂತರ ದಾರಿ ಬೇರೆ: ಅವರು ಕಥೆ, ವೇಷಗಳನ್ನು ಉಳಿಸಿಕೊಂಡು ಮಾತನ್ನು ಮಾತ್ರ ತೆಗೆದರು. ಆದರೆ ಕುಣಿತವೇ ತನ್ನ ಕಾಲ ಮೇಲೆ ನಿಲ್ಲಬಲ್ಲುದೇ ಎಂಬ ಪ್ರಶ್ನೆ ಇಬ್ಬರದೂ ಹೌದು.

ವಿರೋಧ ಮತ್ತು ಪ್ರಭಾವ

ಅರ್ಥಗಾರಿಕೆಯೇ ಯಕ್ಷಗಾನದ ಜೀವ ಎನ್ನುವವರು ಈ ಪ್ರಯೋಗವನ್ನು ಒಪ್ಪಲಿಲ್ಲ. ಸ್ಯಾಕ್ಸೊಫೋನ್ ಬಗೆಗಂತೂ ಟೀಕೆ ತೀವ್ರವಾಗಿತ್ತು. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ; ಪುರಾಣದ ಪಾತ್ರಗಳು ತಮ್ಮ ನಡತೆಯನ್ನು ವಾದಿಸಿ ಸಮರ್ಥಿಸಿಕೊಳ್ಳುವ ಸೊಗಸು ಬ್ಯಾಲೆಯಲ್ಲಿ ಇಲ್ಲ. ಆದರೆ ಕನ್ನಡ ಬಾರದ ಪ್ರೇಕ್ಷಕರಿಗೂ ಯಕ್ಷಗಾನ ತಲುಪಿದ್ದು ಈ ರೂಪದಿಂದಲೇ. ಕಾರಂತರ ತಂಡ ವಿದೇಶಗಳಲ್ಲಿಯೂ ಪ್ರದರ್ಶನ ನೀಡಿತು. 1971ರಲ್ಲಿ ಉಡುಪಿಯಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದ ಹಿಂದೆ ಕು. ಶಿ. ಹರಿದಾಸ ಭಟ್ಟರ ಜೊತೆಗೆ ಕಾರಂತರೂ ಇದ್ದರು. ಕೇಂದ್ರದಲ್ಲಿ ಬಡಗುತಿಟ್ಟಿನ ಹೆಜ್ಜೆಗಾರಿಕೆ, ಹಾಡುಗಾರಿಕೆ, ಚೆಂಡೆ, ಮದ್ದಳೆಗಳ ಶಿಕ್ಷಣ ಇಂದಿಗೂ ನಡೆದಿದೆ.