ಕೇಳದ ಕಿವಿಯ ನಗೆಗಾರ

ಟಿ.ಎನ್. ಬಾಲಕೃಷ್ಣ ಎಂದೊಡನೆ ನಿಮ್ಮ ಮನೆಯ ಹಿರಿಯರ ಮುಖದಲ್ಲಿ ನಗು ಅರಳುತ್ತದೆ. ಆದರೆ ನಾಡನ್ನೇ ನಗಿಸಿದ ಈ ನಟನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು ನಿಮಗೆ ಗೊತ್ತೇ?

ಅರಸೀಕೆರೆಯಲ್ಲಿ ಹುಟ್ಟಿ, ನಾಟಕರಂಗದಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಅವರು ಚಿತ್ರರಂಗಕ್ಕೆ ಬಂದರು. ಎದುರಿನವರ ತುಟಿಯ ಚಲನೆ ನೋಡಿಯೇ ತಮ್ಮ ಮಾತಿನ ಸರದಿ ಅರಿಯುತ್ತಿದ್ದರು. ಐದು ದಶಕ, ನೂರಾರು ಚಿತ್ರ. ಹಾಸ್ಯಕ್ಕೂ ಸೈ, ಖಳನಿಗೂ ಸೈ. 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಮರೆಯಲಾದೀತೇ?

ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ, ಬೆಂಗಳೂರಿನಲ್ಲಿ ಅಭಿಮಾನ್ ಸ್ಟುಡಿಯೋ ಕಟ್ಟಹೊರಟು ಸಾಲದ ಹೊರೆ ಹೊತ್ತರು. ಆದರೂ ನಟನೆ ಬಿಡಲಿಲ್ಲ. 1995ರ ಜುಲೈ 19ರಂದು ಅಗಲಿದರು.

ಕೊರತೆಯೊಂದನ್ನು ನೆಪವಾಗಿಸಿ ಪುಸ್ತಕ ಮುಚ್ಚುವ ಮುನ್ನ, ವಿದ್ಯಾರ್ಥಿಗಳೇ, ಈ ಬಾಳನ್ನೊಮ್ಮೆ ನೆನೆಯಿರಿ.