ಪ್ರಶಸ್ತಿ ತಗೊಳ್ಳಿ, ಊಟಕ್ಕೆ ಕೂರಬೇಡಿ

ಪ್ರತಿಭೆ ಇದ್ರೆ ಸಾಕು, ಜಾತಿ-ಬಣ್ಣ ಯಾರು ಕೇಳ್ತಾರೆ ಅನ್ನೋರಿಗೆ ನಾನು ಎರ್ನಿ ಡೇವಿಸ್ ಕಥೆ ಹೇಳ್ತೀನಿ.

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸೀಸನ್ ಮುಗಿದ ಮೇಲೆ ಆಯ್ದ ತಂಡಗಳಿಗೆ ‘ಬೌಲ್’ ಪಂದ್ಯಗಳಿರುತ್ತವೆ. 1960ರ ಜನವರಿ 1, ಡಲ್ಲಾಸ್‌ನ ಕಾಟನ್ ಬೌಲ್. ತೊಡೆಯ ಸ್ನಾಯು ನೋವಿನಲ್ಲೇ ಇಳಿದ ಸಿರಾಕ್ಯೂಸ್‌ನ ಡೇವಿಸ್, ಪಾಸ್ ಹಿಡಿದು 87 ಗಜದ ಟಚ್‌ಡೌನ್ ಗಳಿಸಿದರು. ಟೆಕ್ಸಾಸ್ 23-14ರಿಂದ ಸೋತಿತು. ಶ್ರೇಷ್ಠ ಆಟಗಾರ ಕೂಡ ಅವರೇ. ಆದರೆ ಪಂದ್ಯದ ನಂತರದ ಔತಣದಲ್ಲಿ ಕಪ್ಪು ಆಟಗಾರರಿಗೆ ಒಂದು ಷರತ್ತು: ಪ್ರಶಸ್ತಿ ಇಸ್ಕೊಂಡು ಹೊರಡಬೇಕು.

1961ರಲ್ಲಿ ಹೈಸ್‌ಮನ್ ಟ್ರೋಫಿ ಗೆದ್ದ ಮೊದಲ ಕಪ್ಪು ಆಟಗಾರರಾದರು. ಮರುವರ್ಷ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಬಂದರು. ಅಷ್ಟರಲ್ಲೇ ರಕ್ತದ ಕ್ಯಾನ್ಸರ್. ಒಂದೂ ವೃತ್ತಿಪರ ಪಂದ್ಯ ಆಡದೆ 1963ರ ಮೇ 18ರಂದು ತೀರಿಕೊಂಡಾಗ ಡೇವಿಸ್‌ಗೆ ಬರೀ 23.